ಹೊಂಗೆ ಮರದ ಮುನೇಶ್ವರ

ಬೆಂಗಳೂರಿನ ಹೂಡಿಯ ಬಳಿ ನಮ್ಮ ಬೀದಿಯ ತಿರುವಿನಲ್ಲಿದ್ದ ಹೊಂಗೆ ಮರ ಕಳೆದ ವರ್ಷ ಏಪ್ರಿಲ್‌ನಲ್ಲಿ ಚಿಗುರಲಿಲ್ಲ. ಅದನ್ನು ಯಾರೂ ಕಡಿದಿರಲಿಲ್ಲ. ಅದೇ ತಿಂಗಳು ನಮ್ಮ ಓನರ್ ಅಜ್ಜಿ ಹಾರೆ ಹಿಡಿದು ಮರದ ಕಟ್ಟೆ ಒಡೆಯಲು ಹೋಗಿ ಪೊಲೀಸ್ ಠಾಣೆ ಹತ್ತಿದರು.

ಕೊಡ ಹೊತ್ತು ಹೊತ್ತು ಅಜ್ಜಿಯ ನಡು ಎಡಕ್ಕೆ ವಾಲಿತ್ತು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಕೋಣೆಗಳನ್ನು ಕಟ್ಟಿಸಿದ್ದರು. ನಾನು ಮಹಡಿಯ ಬಾಡಿಗೆದಾರ, ಪತ್ರಿಕೆಯ ವರದಿಗಾರ. ನಮಗೆ ನೀರು ಅಳೆದು ಬಿಡುತ್ತಿದ್ದ ಅಜ್ಜಿ ಮರಕ್ಕೆ ದಿನಾ ಒಂದು ಕೊಡ ಸುರಿಯುತ್ತಿದ್ದರು. "ಅದ್ಕೇನ್ ಗೀಸರ್ ಐತಾ, ಶವರ್ ಐತಾ? ಕುಡೀಲಿ ಬಿಡು" ಎನ್ನುತ್ತಿದ್ದರು.

ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಏಳುವಾಗ, ಗೇಟಿಗೆ ಅಡ್ಡವೆಂದು ಬಿಲ್ಡರ್ ಮರ ಕಡಿಯಲು ಅನುಮತಿ ಕೇಳಿದ. ಅಜ್ಜಿ ವೃಕ್ಷಾಧಿಕಾರಿಗೆ ಆಕ್ಷೇಪಣೆ ಸಲ್ಲಿಸಿದರು. ಅಧಿಕಾರಿ ಬಂದು ನೋಡಿ ಅನುಮತಿ ನಿರಾಕರಿಸಿದರು. ಅಜ್ಜಿಗೆ ಅಷ್ಟು ಸಾಲಲಿಲ್ಲ.

"ಆಫೀಸರ್ರು ಐದ್ ಗಂಟೆಗೆ ಮನೆಗೋಗ್ತಾರೆ. ಆಮ್ಯಾಕೆ ಕಾಯೋರ್ ಯಾರು?"

ಮರುದಿನ ಬೆಳಿಗ್ಗೆ ಮರದ ಬುಡದಲ್ಲಿ ಅರಿಶಿನ ಬಳಿದ ಕಲ್ಲೊಂದು ಕೂತಿತ್ತು. ಅಜ್ಜಿ ಬೀದಿಯವರಿಗೆ "ಮುನೇಶ್ವರ" ಎಂದರು. ನನಗೆ ಮಾತ್ರ ನಗುತ್ತಾ, "ನಮ್ ಬಚ್ಚಲ್ ಕಲ್ಲು ಕಣಪ್ಪಾ. ಮುನೇಶ್ವರ ಅಂದ್ರೆ ಜೆಸಿಬಿಯೋನೂ ಚಪ್ಲಿ ಬಿಡ್ತಾನೆ" ಎಂದರು. ಬಿಲ್ಡರ್ ಗೇಟನ್ನೇ ಆಚೆಗೆ ಸರಿಸಿದ.

ಆಮೇಲೆ ನಿಂಬೆಹಣ್ಣು ಬಂತು, ಕೆಂಪು ಬಟ್ಟೆ ಬಂತು. ಕ್ಯಾಬ್ ಚಾಲಕರು ಹೊಸ ಕಾರುಗಳನ್ನು ಪೂಜೆಗೆ ತಂದರು. ಸಮಿತಿಯೂ ಆಯಿತು, ಸಮಿತಿ ಕಟ್ಟೆ ಕಟ್ಟಿಸಿತು. ಅಜ್ಜಿಯ ಬಾಡಿಗೆದಾರನೇ ಆದ ರಾಯಚೂರಿನ ಗಾರೆ ಕೆಲಸದವನು ಕಾಂಡಕ್ಕೆ ತಾಗುವ ಹಾಗೆ ಕಾಂಕ್ರೀಟ್ ತುಂಬಿದ. "ಗಟ್ಟಿ ಮಾಡೇನ್ರಿ ಯವ್ವಾ, ಒಂದ್ ಹನಿ ನೀರು ಒಳಗ ಇಳಿಯೂದಿಲ್ಲ" ಎಂದು ಹೆಮ್ಮೆಯಿಂದ ಹೇಳಿದ. ತಾವೇ ತಂದು ಕೂರಿಸಿದ ದೇವರಿಗೆ ಕಟ್ಟೆ ಬೇಡವೆನ್ನುವುದು ಹೇಗೆ? ಅಜ್ಜಿ ಅವನಿಗೆ ಟೀ ಕೊಟ್ಟರು. ಮಾರನೆಯ ದಿನ ಸುರಿದ ಕೊಡದ ನೀರು ಕಟ್ಟೆಯ ಮೇಲೆ ಹರಿದು ಚರಂಡಿಗೆ ಹೋಯಿತು.

ಮರ ಒಣಗಿದ ಮೇಲೆ ಅವರು ಮೆಟ್ಟಿಲ ಮೇಲೆ ಕೂತು ಹೇಳಿದ್ದು ನೆನಪಿದೆ: "ಬಿಲ್ಡರ್ ಕಡ್ದಿದ್ರೆ ಅವನ್ ಮ್ಯಾಲೆ ಕೇಸಾಗೋದು. ನನ್ ಮ್ಯಾಲೆ ಯಾರ್ ಆಕ್ತಾರೆ, ಯೋಳು?"

ಹಾರೆ ಹಿಡಿದದ್ದು ಅದಾದ ಎರಡು ದಿನಕ್ಕೆ. ಕಟ್ಟೆಯ ಒಂದು ಮೂಲೆ ಒಡೆಯುವಷ್ಟರಲ್ಲಿ ಸಮಿತಿಯವರು ಓಡಿ ಬಂದು ಹಾರೆ ಕಸಿದುಕೊಂಡರು.

"ದ್ಯಾವ್ರಲ್ಲ ಕಣ್ರೋ, ನಮ್ ಬಚ್ಚಲ್ ಕಲ್ಲು! ನಲ್ವತ್ ವರ್ಸ ಅದ್ರ ಮ್ಯಾಲೆ ಬಟ್ಟೆ ಒಗ್ದಿವ್ನಿ!" ಎಂದು ಅಜ್ಜಿ ಕೂಗಿದರು.

ಸಮಿತಿಯ ಹುಡುಗನೊಬ್ಬ ಕೆನ್ನೆ ಬಡಿದುಕೊಂಡ. "ನಲ್ವತ್ ವರ್ಷ ಸ್ವಾಮಿ ಮೇಲೆ ಬಟ್ಟೆ ಒಗ್ದಿದೀಯಾ ಅಜ್ಜಿ? ಅದ್ಕೇ ಮರ ಒಣಗಿರೋದು. ಮೊದ್ಲು ತಪ್ಪುಕಾಣಿಕೆ ಹಾಕು."

ಸಮಿತಿಯವರು ದೂರು ಕೊಟ್ಟರು. ಠಾಣೆಯಲ್ಲಿ ಪೊಲೀಸರು ಇನ್ನು ಕಟ್ಟೆ ಮುಟ್ಟುವುದಿಲ್ಲವೆಂದು ಬರೆಸಿಕೊಂಡು ಕಳಿಸಿದರು. ಮರಳಿ ಬಂದವರೇ ಅಜ್ಜಿ ತಪ್ಪುಕಾಣಿಕೆಯ ನಾಣ್ಯವನ್ನು ಬಟ್ಟೆಯಲ್ಲಿ ಗಂಟು ಹಾಕಿದರು. ಕಲ್ಲಿನ ಮುಂದೆ ಇಡಲಿಲ್ಲ, ಒಣಕೊಂಬೆಗೆ ಕಟ್ಟಿದರು.

ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ಒಣಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಈವರೆಗೆ ಯಾರೂ ಕೇಳಿಲ್ಲ. ಅಜ್ಜಿ ಒಡೆದಿದ್ದ ಮೂಲೆಯನ್ನು ಮುಚ್ಚಲಾಗಿದೆ. ಕಟ್ಟೆಗೆ ಗ್ರಾನೈಟ್ ಹಾಸುವ ಕೆಲಸ ಕಳೆದ ವಾರ ಶುರುವಾಯಿತು.