ಚಿಕ್ಕಮ್ಮ ಹೊಲಿದ ಬಣ್ಣಗಳು

ಗಾಂಧಿಬಜಾರಿನ ಅಂಗಡಿಯೊಂದರಲ್ಲಿ ಮೊನ್ನೆ ಬಣ್ಣದ ಪೆನ್ಸಿಲ್ಲಿನ ಡಬ್ಬಿ ಕಣ್ಣಿಗೆ ಬಿತ್ತು. ಪ್ರತಿ ಪೆನ್ಸಿಲ್ಲಿನ ಮೇಲೂ ಒಂದೊಂದು ಪುಟ್ಟ ಗುರುತು. ಬಣ್ಣಗಳ ವ್ಯತ್ಯಾಸ ತಿಳಿಯದವರಿಗಂತೆ. "ಹೊಸ ಐಟಂ ಮೇಡಂ," ಎಂದರು ಅಂಗಡಿಯವರು. ಹೊಸದಂತೆ! ನಾನು ಲಂಗ ಹಾಕುತ್ತಿದ್ದ ಕಾಲದಲ್ಲೇ ಚಾಮರಾಜಪೇಟೆಯ ನಮ್ಮ ಚಿಕ್ಕಮ್ಮ ಇದನ್ನು ಮಾಡಿ ಮುಗಿಸಿದ್ದಳು ಎಂದು ನಾನು ಜಗಳಕ್ಕೆ ನಿಲ್ಲುವುದೊಂದು ಬಾಕಿ.

ಚಿಕ್ಕಪ್ಪನ ಕಣ್ಣಿಗೆ ಕೆಂಪು, ಹಸಿರು, ಕಂದು ಎಲ್ಲ ಒಂದೇ. ಮಾರ್ಕೆಟ್ಟಿಗೆ ಹೋದರೆ ಹಣ್ಣೆಂದು ಟೊಮ್ಯಾಟೊ ಕಾಯಿ ತರುತ್ತಿದ್ದರು. ಹೋಗಲಿ, ಅದನ್ನು ಗೊಜ್ಜು ಮಾಡಬಹುದು. ಆದರೆ ಒಮ್ಮೆ ಸಾವಿನ ಮನೆಗೆ ಕಡುಗೆಂಪು ಅಂಗಿ ತೊಟ್ಟು ಹೋಗಿಬಿಟ್ಟರು ನೋಡಿ, ಅವತ್ತೇ ಚಿಕ್ಕಮ್ಮ ಸೂಜಿ ಹಿಡಿದು ಕೂತಳು. ಪ್ರತಿ ಅಂಗಿಯ ಕಾಲರಿನೊಳಗೆ ಬಿಳಿ ದಾರದಲ್ಲಿ ಒಂದು ಚಿತ್ರ: ಹಸಿರಿಗೆ ಗಿಳಿ, ಕೆಂಪಿಗೆ ಟೊಮ್ಯಾಟೊ, ಕಂದು ಬಣ್ಣಕ್ಕೆ ತೆಂಗಿನಕಾಯಿ. ಚಿಕ್ಕಪ್ಪ ಬೆರಳಾಡಿಸಿ, "ಇವತ್ತು ಗಿಳಿ!" ಎಂದು ಸಾರಿ ತೊಡುತ್ತಿದ್ದರು. ನಮಗೆಲ್ಲ ಅದೊಂದು ತಮಾಷೆ.

ಚಿಕ್ಕಮ್ಮನಿಗೋ ಸೀರೆಯ ಹುಚ್ಚು. ಹೊಸದುಟ್ಟು "ಹೇಗಿದೆ ರೀ?" ಎಂದು ಎದುರು ನಿಂತರೆ, ಬಣ್ಣ ತಪ್ಪಿ ಹೇಳಿ ನಗೆಪಾಟಲಾಗುವ ಹೆದರಿಕೆಗೆ ಚಿಕ್ಕಪ್ಪ "ಹ್ಞೂಂ" ಎಂದು ಪೇಪರಿನ ಹಿಂದೆ ಅಡಗುತ್ತಿದ್ದರು. "ಯಾವ್ದುಟ್ರೂ ಅದೇ ಹ್ಞೂಂ ಕಣೆ. ಒಂದ್ಸಲ ಬಾಯ್ತುಂಬ ಹೇಳ್ಬಾರ್ದಾ?" ಎಂದು ಆಕೆ ನನ್ನ ಬಳಿ ನಗುತ್ತಿದ್ದಳು. ಆ ನಗು ಪೂರ್ತಿ ನಗುವಾಗಿರಲಿಲ್ಲ ಎಂದು ಈಗ ಅನ್ನಿಸಿ ಸಂಕಟವಾಗುತ್ತದೆ.

ಈಗ ಚಿಕ್ಕಮ್ಮನ ಕಣ್ಣೇ ಹೋಗಿದೆ. ನೆರಳು, ಬೆಳಕು ಬಿಟ್ಟರೆ ಏನೂ ಕಾಣದು. ಬೀರು ತೆರೆದು "ಇದ್ಯಾವ ಬಣ್ಣ ರೀ?" ಎಂದು ಆಕೆ ಕೇಳುವುದು, ಇವರು ಕಕ್ಕಾಬಿಕ್ಕಿಯಾಗುವುದು, ದಿನವೂ ಇದೇ ಪಾಡು. ಗಂಡನ ಅಂಗಿಗೆಲ್ಲ ಗುರುತು ಹೊಲಿದವಳು ತನ್ನ ಒಂದು ಸೀರೆಗೂ ಹೊಲಿದುಕೊಂಡಿರಲಿಲ್ಲ. ಆಗ ಯಾರಿಗೆ ತಾನೇ ಹೊಳೆದೀತು, ನೀವೇ ಹೇಳಿ?

ಆ ಡಬ್ಬಿ ನೋಡಿದ ಮೇಲೆ ಮನಸ್ಸು ತಡೆಯದೆ ನಿನ್ನೆ ನಾನೇ ಸೂಜಿದಾರ ಹಿಡಿದು ಚಿಕ್ಕಮ್ಮನ ಮನೆಗೆ ಹೋದೆ. ಆಕೆಯ ಹಸಿರು ಸೀರೆಯ ಸೆರಗಿನ ಮೂಲೆಯಲ್ಲಿ ನನ್ನ ಗಿಳಿ ಥೇಟ್ ಕೋಳಿಯಂತೆ ಮೂಡಿತು. ಚಿಕ್ಕಮ್ಮ ಅದನ್ನೇ ಉಟ್ಟು ಹೊರಗೆ ಬಂದಳು. ಚಿಕ್ಕಪ್ಪ ಪೇಪರ್ ಕೆಳಗಿಟ್ಟು, ಆ ಮೂಲೆಯನ್ನು ಬೆರಳಲ್ಲಿ ತಡವಿ, ಹೆಂಡತಿಯ ಮುಖವನ್ನೇ ನೋಡಿದರು.

"ಗಿಳಿಹಸಿರು. ಎಷ್ಟು ಚೆನ್ನಾಗಿ ಒಪ್ಪತ್ತೆ ಕಣೆ ನಿಂಗೆ!"

ಚಿಕ್ಕಮ್ಮ ಅವರ ದನಿ ಬಂದ ಕಡೆಗೆ ತಿರುಗಿದಳು.

"ಈಗ ಹೇಳ್ತಿದೀರಲ್ಲ ರೀ," ಎಂದಳು. "ನೀವು ಹೇಳುವಾಗ ನಿಮ್ಮ ಮುಖ ನೋಡ್ಬೇಕಿತ್ತು ನಾನು."