ಲಿಡ್ವಿನ್ ಬಾಯಮ್ಮನ ಎಡಬದಿ

ಆ ಗಾಡಿಗಳ ಸುದ್ದಿ ವೇದಾವತಿಯ ಕಿವಿಗೆ ಮೊದಲು ಬಿದ್ದದ್ದು ಒಂದು ಭಾನುವಾರ, ಅವಳು ನೀರುದೋಸೆ ಹುಯ್ಯುತ್ತಿದ್ದಾಗ. ಅಳಿಯ ಸುರೇಶ ಫೋನು ನೋಡುತ್ತಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ.

"ಅತ್ತೆ, ನೀವೂ ಬಾಯಮ್ಮನೂ ವಾಕಿಂಗ್ ಹೋಗ್ತೀರಲ್ಲ, ಆ ರಸ್ತೆಗೆ ಇನ್ಮೇಲೆ ಕ್ವಾಡ್ ಬಿಡ್ತಾರಂತೆ."

"ಎಂತ ಬಿಡುದು?"

"ಕ್ವಾಡು. ನಾಲ್ಕು ದಪ್ಪ ಚಕ್ರದ ಬೈಕು. ಆ ಡೆಕ್ಲನ್ ಅನ್ನೋನು ಗುಡ್ಡದಲ್ಲಿ ಟೂರಿಸ್ಟ್‌ಗಳನ್ನ ಕೂರಿಸಿ ಓಡಿಸ್ತಾನಲ್ಲ, ಅದೇ. ಈ ಗುಡ್ಡದಿಂದ ಆ ಕಡೆ ಕಾಡಿಗೆ ಹೋಗೋಕೆ ಇಷ್ಟು ದಿನ ಟ್ರೇಲರ್ ಮೇಲೆ ಹೊತ್ಕೊಂಡು ಹೋಗ್ತಿದ್ದ. ಈಗ ನಮ್ಮ ರಸ್ತೆ ಮೇಲೇ ಓಡಿಸ್ಕೊಂಡು ಹೋಗ್ತೀನಿ, ಪರ್ಮಿಷನ್ ಕೊಡಿ ಅಂತ ಕೇಳಿದಾನೆ."

ವೇದಾವತಿ ಕಾವಲಿಯ ಮೇಲಿನ ದೋಸೆ ಮಡಚುವುದನ್ನು ಮರೆತಳು. ಅವಳಿಗೆ ನೆನಪಾದದ್ದು ತನ್ನ ನಡಿಗೆಯಲ್ಲ. ಅವಳು ಗಾಳಿಗೆ ಹೋಗುವವಳು. ಮಳೆ ಬಂದರೆ ಮನೆಯಲ್ಲೇ ಕೂತಾಳು. ಲಿಡ್ವಿನ್ ಬಾಯಮ್ಮ ಹಾಗಲ್ಲ. ಬಾಯಮ್ಮನ ಮಗ ಆ ರಸ್ತೆಯ ತುದಿಯ ಸ್ಮಶಾನದಲ್ಲಿ ಮಲಗಿದ್ದ.

ಐರ್ಲೆಂಡಿನ ಮೇನೂತ್ ಪಟ್ಟಣದಿಂದ ಆಚೆಯ ಒಂದು ಹಳ್ಳಿ ಅದು. ರಸ್ತೆಯೆಂದರೆ ಎರಡೂ ಕಡೆ ಮುಳ್ಳುಬೇಲಿ, ನಟ್ಟನಡುವೆ ಹುಲ್ಲು ಎದ್ದ ಡಾಂಬರು. ಎದುರಿನಿಂದ ಇನ್ನೊಂದು ಕಾರು ಬಂದರೆ ಯಾರಾದರೊಬ್ಬರು ಹೊಲದ ಗೇಟಿನ ಬಾಯಿಗೆ ಹಿಂದೆ ಸರಿಯಬೇಕು. ಫುಟ್‌ಪಾತ್ ಎಂಬುದಿಲ್ಲ. ಆದರೆ ಆ ದಾರಿಗೆ ಒಂದು ಮರ್ಯಾದೆ ಇತ್ತು. ಕಾರಿನವನಿರಲಿ, ಟ್ರಾಕ್ಟರಿನವನಿರಲಿ, ನಡೆಯುವವರನ್ನು ಕಂಡರೆ ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತಿಯೇ ಮುಂದೆ ಹೋಗುತ್ತಿದ್ದ. ಗುರುತು ಬೇಕಿಲ್ಲ, ಬಣ್ಣ ನೋಡಬೇಕಿಲ್ಲ. ಬಾಯಮ್ಮನೂ ಒಂದು ಬೆರಳು ಎತ್ತುತ್ತಿದ್ದಳು. ಮೊದಲ ಸಲ ವೇದಾವತಿ ಬೆರಗಾಗಿ ನೋಡಿದಾಗ ಅವಳು ಹೇಳಿದ್ದಳು: "ನೀವೂ ಎತ್ತಿ ವೇದಕ್ಕ. ಇದು ಇಲ್ಲಿಯವರ ನಮಸ್ಕಾರ. ನಮ್ಮ ಶಾಲೆಯಲ್ಲಿ ಬೆರಳು ಎತ್ತಿದ್ರೆ ಟೀಚರ್ ಹೊರಗೆ ಬಿಡ್ತಿದ್ರು, ಅಷ್ಟೇ ವ್ಯತ್ಯಾಸ."

ಹೀಗೆ ನಗಿಸುತ್ತಿದ್ದ ಹೆಂಗಸಿನ ಬದುಕಿನಲ್ಲಿ ನಗುವಂಥದ್ದು ಹೆಚ್ಚೇನೂ ಇರಲಿಲ್ಲ. ಹುಟ್ಟಿದ್ದು ಉಡುಪಿಯ ಹತ್ತಿರ, ಹೊಳೆ ಸಮುದ್ರ ಸೇರುವ ಕಡೆ. ಗಂಡ ಇಗ್ನೇಷಿಯಸ್ ಖಾಸಗಿ ಬಸ್ಸಿನ ಕಂಡಕ್ಟರ್. ಆ ಬಸ್ಸುಗಳ ಓಟ ಗೊತ್ತಿದ್ದ ಮನುಷ್ಯ, ಮದುವೆಯಾದ ಹೊಸತರಲ್ಲೇ ಹೆಂಡತಿಗೆ ಕಲಿಸಿದ ಪಾಠ ಒಂದೇ: "ರಸ್ತೆಗೆ ಇಳಿದ್ರೆ ಎಡಕ್ಕೆ ಒತ್ತಿ ನಡಿ, ಹಿಂದೆ ತಿರುಗಿ ನೋಡ್ಬೇಡ, ತಪ್ಪಿಸುದು ನಮ್ಮ ಡ್ರೈವರನ ಕೆಲಸ." ಅವನು ಕಾಮಾಲೆಯಾಗಿ ಬೇಗ ಹೋದ. ಕೈಯಲ್ಲಿ ಸ್ಟೀವನ್ ಎಂಬ ಕೂಸು. ಬಾಯಮ್ಮ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತಳು, ಕಾರ್ಖಾನೆ ಮುಚ್ಚಿದ ಮೇಲೆ ಸಿಸ್ಟರುಗಳ ಹಾಸ್ಟೆಲಿನಲ್ಲಿ ಅನ್ನ ಬಸಿದಳು. ಆ ಅನ್ನದ ಹಬೆಯಲ್ಲೇ ಮಗ ಡಾಕ್ಟರಾದ, ಐರ್ಲೆಂಡಿಗೆ ಬಂದ, ಅನಿಶಾ ಎಂಬ ಊರ ಕಡೆಯ ನರ್ಸನ್ನೇ ಮದುವೆಯಾದ, ತಾಯಿಯನ್ನು ಕರೆಸಿಕೊಂಡ. ಬಂದ ವಾರವೇ ಅವನು ತಾಯಿಯ ಭುಜ ಹಿಡಿದು ರಸ್ತೆಯ ಆಚೆ ಬದಿಗೆ ದಾಟಿಸಿದನಂತೆ. "ಮಮ್ಮಿ, ಇಲ್ಲಿ ಗಾಡಿ ಎಡಕ್ಕೆ, ಮನುಷ್ಯರು ಬಲಕ್ಕೆ. ಎದುರಿಂದ ಬರುದು ನಿಮಗೆ ಕಾಣ್ಬೇಕು." ಆಕೆ ಹೂಂ ಅಂದಳು. ಅವನು ಒಳಗೆ ಹೋದ ಮೇಲೆ ಮತ್ತೆ ಎಡಕ್ಕೆ ಬಂದಳು.

ಒಂದು ಬೆಳಿಗ್ಗೆ ಸ್ಟೀವನ್ ಡ್ಯೂಟಿಗೆ ಹೊರಟವನು ಶೂ ಹಾಕಿಕೊಳ್ಳಲು ಕೂತಲ್ಲಿಂದ ಏಳಲಿಲ್ಲ. ಹೃದಯ ನಿಂತಿತ್ತು.

ಊರಿಗೆ ಬನ್ನಿ ಎಂದು ತಮ್ಮಂದಿರು ಕರೆದರು. ಬಾಯಮ್ಮ ಹೋಗಲಿಲ್ಲ. ಯಾಕೆಂದು ವೇದಾವತಿ ಕೇಳಿದಾಗ ಅವಳು ಬೇಲಿಯ ಕಡೆ ನೋಡುತ್ತಾ ಹೇಳಿದಳು: "ಊರಲ್ಲಿ ನಮ್ಮ ಇಗರ್ಜಿಯ ಸ್ಮಶಾನದಲ್ಲಿ ಜಾಗ ಕಡಿಮೆ ಅಕ್ಕ. ಕೆಲವು ವರ್ಷ ಹೋದ್ರೆ ಅದೇ ಗುಂಡಿ ತೆಗೆದು ಇನ್ನೊಬ್ಬರನ್ನು ಇಡ್ತಾರೆ. ಇವನ ಪಪ್ಪನ ಗುಂಡಿಯಲ್ಲಿ ಈಗ ಯಾರಿದ್ದಾರೋ. ಇಲ್ಲಿ ಹಾಗಲ್ಲ. ಇಲ್ಲಿ ಇಟ್ಟವರನ್ನು ಎಬ್ಬಿಸುದಿಲ್ಲ. ನನ್ನ ಮಗ ಒಂದು ಕಡೆ ನೆಮ್ಮದಿಯಲ್ಲಿ ಮಲಗಿದ್ದಾನೆ, ನಾನು ಬಿಟ್ಟು ಹೋಗುದು ಹೇಗೆ?"

ಸೊಸೆಗೆ ಟಾಲಾ ಎಂಬಲ್ಲಿನ ಆಸ್ಪತ್ರೆಯಲ್ಲಿ ಕೆಲಸ, ಮೊಮ್ಮಗಳಿಗೆ ಶಾಲೆ. ಹಾಗಾಗಿ ದಿನಾ ಮಧ್ಯಾಹ್ನದ ಮೇಲೆ ಬಾಯಮ್ಮ ಒಬ್ಬಳೇ ನಡೆದು ಹೋಗಿ ಮೇಣದ ಬತ್ತಿ ಹಚ್ಚಿ ಬರುತ್ತಿದ್ದಳು. ವೇದಾವತಿ ಮಗಳು ವಿನೋದಿನಿಯ ಮನೆಗೆ ಬಂದು ನೆಲೆಸಿದ ಮೇಲೆ ಜೊತೆ ಸಿಕ್ಕಿತು. ಇಬ್ಬರೂ ವಿಧವೆಯರು, ಇಬ್ಬರಿಗೂ ಇಂಗ್ಲಿಷು ಅಷ್ಟಕ್ಕಷ್ಟೆ, ಇಬ್ಬರಿಗೂ ಬೂತಾಯಿ ಮೀನಿನ ಮಾತು ಬಂದರೆ ಬಾಯಲ್ಲಿ ನೀರು. ವೇದಾವತಿ ಮಗಳ ಮಾತಿನಂತೆ ಬಲಬದಿಯಲ್ಲಿ ನಡೆಯುವಳು, ಬಾಯಮ್ಮ ಗಂಡನ ಮಾತಿನಂತೆ ಎಡಬದಿಯಲ್ಲಿ. ನಡುವೆ ರಸ್ತೆ. ಒಬ್ಬರಿಗೊಬ್ಬರು ಕೂಗಿಕೊಂಡೇ ಮಾತು.

"ಈಚೆ ಬನ್ನಿ ಬಾಯಮ್ಮ, ನನ್ನ ಗಂಟಲು ಹೋಗ್ತದೆ."

"ನೀವೇ ಆಚೆ ಹೋದದ್ದು. ನಾನು ಹುಟ್ಟಿದ ಬದಿಯಲ್ಲೇ ಇದ್ದೇನೆ."

ಸ್ಮಶಾನದ ಗೇಟಿನವರೆಗೆ ಮಾತ್ರ ವೇದಾವತಿ ಹೋಗುವುದು. ಅವಳ ಕಡೆಯ ಹೆಂಗಸರು ಹೆಣ ಸುಡುವ ಜಾಗಕ್ಕೆ ಕಾಲಿಟ್ಟವರಲ್ಲ. ಗಂಡನ ಚಿತೆಯನ್ನೂ ಅವಳು ನೋಡಿರಲಿಲ್ಲ. ಬಾಯಮ್ಮ ಒಳಗೆ ಹೋಗಿ ಮಗನ ಕಲ್ಲಿನ ಹತ್ತಿರ ಕೂತು ಆ ದಿನದ ಸಾರು, ಮೊಮ್ಮಗಳ ಮಾರ್ಕು, ಅನಿಶಾಳ ನೈಟ್ ಡ್ಯೂಟಿ ಎಲ್ಲವನ್ನೂ ಕೊಂಕಣಿಯಲ್ಲಿ ವರದಿ ಒಪ್ಪಿಸುವಳು. ವೇದಾವತಿ ಹೊರಗಿನ ಕಲ್ಲುಕಟ್ಟೆಯಲ್ಲಿ ಕೂತು ಕಾಯುವಳು.

ಕ್ವಾಡಿನ ಸುದ್ದಿ ಕೇಳಿ ಬಾಯಮ್ಮ ಮೊದಲು ನಕ್ಕಳು. ಚರ್ಚಿನ ಹಾಲಿನಲ್ಲಿ ಊರವರ ಮೀಟಿಂಗ್ ಆದಾಗ ತಾನೂ ಬರುತ್ತೇನೆ ಎಂದು ಹಟ ಹಿಡಿದು ಸುರೇಶನ ಕಾರಿನಲ್ಲಿ ಬಂದು ಕೂತಳು. ಡೆಕ್ಲನ್ ಕೆಟ್ಟವನಲ್ಲ. ಗಾಡಿಗಳಿಗೆ ನಂಬರು ಇರುತ್ತದೆ, ಇನ್ಶೂರೆನ್ಸ್ ಇರುತ್ತದೆ, ಸಾಲಾಗಿ ನಿಧಾನಕ್ಕೆ ಹೋಗುತ್ತೇವೆ, ಮುಂದೆ ನಾನೇ ಇರುತ್ತೇನೆ ಎಂದ. ಹಳ್ಳಿಯ ಪಬ್ಬಿಗೂ ಅಂಗಡಿಗೂ ವ್ಯಾಪಾರ ಆಗುತ್ತದೆ ಎಂದು ಕೆಲವರು ತಲೆದೂಗಿದರು. ಕುದುರೆ ಸಾಕಿದವರು ಬೇಡ ಎಂದರು. ಬಾಯಮ್ಮ ಎದ್ದು ನಿಂತಳು. ಸುರೇಶ ಅವಳ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳುತ್ತಾ ಹೋದ.

"ನಮ್ಮಲ್ಲಿ ಕಂಬಳ ಅಂತ ಉಂಟು. ಕೆಸರುಗದ್ದೆಯಲ್ಲಿ ಕೋಣ ಓಡಿಸುದು. ಅದರ ಓಟ ನೋಡಿದ್ರೆ ಎದೆ ನಡುಗ್ತದೆ. ಆದ್ರೆ ಗದ್ದೆಯಿಂದ ಮೇಲೆ ಬಂದ ಕೋಣವನ್ನು ತೊಳೆದು, ಹಗ್ಗ ಹಿಡಿದು, ನಡೆಸಿಕೊಂಡು ಮನೆಗೆ ಹೋಗ್ತಾರೆ. ರಸ್ತೆಯಲ್ಲಿ ಓಡಿಸುದಿಲ್ಲ. ನೀವು ಗುಡ್ಡದಲ್ಲಿ ಓಡಿಸಿ. ರಸ್ತೆಯಲ್ಲಿ ನಾನು ಮಗನನ್ನು ನೋಡ್ಲಿಕ್ಕೆ ಹೋಗ್ತೇನೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬ ಮುದುಕಿ ಬಂದು ಅವಳ ಕೈ ಹಿಡಿದುಕೊಂಡಳು. ಡೆಕ್ಲನ್ ಕೂಡ ತಲೆ ಬಗ್ಗಿಸಿದ. ಆಮೇಲೆ ಬೇಸಿಗೆಯೊಂದಕ್ಕೆ ಗಾಡಿ ಬಿಟ್ಟು ನೋಡೋಣ ಎಂದೇ ತೀರ್ಮಾನವಾಯಿತು.

ಕಾರಿನಲ್ಲಿ ಬಾಯಮ್ಮ, "ಚಪ್ಪಾಳೆ ಚೆನ್ನಾಗಿತ್ತು ಅಲ್ವಾ ಸುರೇಶಣ್ಣ?" ಎಂದಳು.

ಬೇಸಿಗೆಯಲ್ಲಿ ಅವು ಬಂದವು. ದೂರದಿಂದ ಕೇಳಿದರೆ ಜೇನುಗೂಡಿಗೆ ಯಾರೋ ಕಲ್ಲು ಹೊಡೆದ ಹಾಗೆ. ಹೆಲ್ಮೆಟ್ಟು ಹಾಕಿದ ಮುಖಗಳು, ಮೈಯೆಲ್ಲ ಕೆಸರು. ಬೇಲಿಯ ಹಕ್ಕಿಗಳು ಮೊದಲು ಹೋದವು, ಆಮೇಲೆ ಸಂಜೆ ನಾಯಿ ಹಿಡಿದು ಬರುತ್ತಿದ್ದ ದಂಪತಿ ಬರುವುದು ನಿಂತಿತು. ಅನಿಶಾ ಬೇಡವೆಂದಳು, "ಶನಿವಾರ ನಾನು ಕಾರಲ್ಲಿ ಕರ್ಕೊಂಡು ಹೋಗ್ತೇನೆ ಮಮ್ಮಿ, ಅಷ್ಟು ಸಾಲ್ದಾ?" ಬಾಯಮ್ಮ ಹೇಳಿದಳು, "ಅವನು ಚಿಕ್ಕವನಿರುವಾಗ ನಾನು ವಾರಕ್ಕೊಮ್ಮೆ ಅನ್ನ ಹಾಕಿದ್ದಲ್ಲ ಮಗಾ."

ಕ್ವಾಡಿನವರಿಗೂ ಅವಳು ಬೆರಳು ಎತ್ತುತ್ತಿದ್ದಳು. ಕೆಲವರು ಕೈ ಬೀಸುವರು, ಹೆಚ್ಚಿನವರಿಗೆ ಅದೇನೆಂದು ತಿಳಿಯದು. ವೇದಾವತಿಗೆ ಸಿಟ್ಟು. "ಯಾಕೆ ಅವರಿಗೆಲ್ಲ ನಮಸ್ಕಾರ?"

"ರಸ್ತೆಗೆ ಬಂದ ಮೇಲೆ ರಸ್ತೆಯವರೇ ಅಲ್ವಾ ಅಕ್ಕ. ಕಲೀತಾರೆ."

ಬೇಸಿಗೆ ಮುಗಿದರೂ ಗಾಡಿಗಳು ನಿಲ್ಲಲಿಲ್ಲ. ಯಾರೂ ಕೇಳಲಿಲ್ಲ. ಅಕ್ಟೋಬರ್ ಕೊನೆ, ಗೋರಿಗಳಿಗೆ ದೀಪ ಹಚ್ಚುವ ಸತ್ತವರ ಹಬ್ಬ ಹತ್ತಿರ ಬಂದಿತ್ತು. ಬಾಯಮ್ಮ ಮಗನ ಕಲ್ಲು ತೊಳೆದು ಬಂದಿದ್ದಳು, ಕೈಯಲ್ಲಿ ಬ್ರಷ್ಷು ಹಾಕಿದ ಬಕೆಟ್ಟು. ಎಂದಿನಂತೆ ಅವಳು ಎಡಕ್ಕೆ, ವೇದಾವತಿ ಬಲಕ್ಕೆ. ಹಿಂದಿನಿಂದ ಸದ್ದು ಬಂತು. ಮೊದಲ ಗಾಡಿ ಡೆಕ್ಲನ್‌ನದು, ನಿಧಾನಕ್ಕೇ ಹೋಯಿತು. ಅವನು ಬೆರಳು ಎತ್ತಿದ. ಬಾಯಮ್ಮನೂ ಎತ್ತಿದಳು. ಗಾಡಿ ಹೋಯಿತು, ದಾರಿ ಬಿಡುವಾಯಿತು ಎಂದುಕೊಂಡಳೋ ಏನೋ, ಅವನು ಬೆರಳು ಎತ್ತಿದ್ದು ಕಂಡಿರಾ ಎಂದು ಹೇಳಲು ನಗುತ್ತಾ ವೇದಾವತಿಯ ಕಡೆ ಒಂದು ಹೆಜ್ಜೆ ಇಟ್ಟಳು. ಸಾಲಿನಲ್ಲಿ ಹಿಂದೆ ಬಿದ್ದಿದ್ದ ಎರಡನೆಯ ಗಾಡಿ ತಿರುವಿನಿಂದ ಬಂತು.

ಬಕೆಟ್ಟು ಉರುಳಿದ ಸದ್ದು ವೇದಾವತಿಗೆ ಈಗಲೂ ಕೇಳುತ್ತದೆ. ಓಡಿಸುತ್ತಿದ್ದವಳು ರಜೆಗೆ ಬಂದ ಒಬ್ಬ ಹುಡುಗಿ. ಹೆಲ್ಮೆಟ್ಟು ಕಿತ್ತೆಸೆದು ರಸ್ತೆಯಲ್ಲೇ ಕೂತು ಅತ್ತಳು. ಡೆಕ್ಲನ್ ತನ್ನ ಕೋಟು ತೆಗೆದು ಬಾಯಮ್ಮನಿಗೆ ಹೊದಿಸಿ, ಆಂಬುಲೆನ್ಸ್ ಬರುವವರೆಗೂ ಮೊಣಕಾಲೂರಿ ಕೂತಿದ್ದ.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು ಎಂದರು. ಆದರೆ ಮಲಗಿದ ಮೈಗೆ ಕಫ ಕಟ್ಟಿತು, ಉಸಿರು ಎಳೆಯತೊಡಗಿತು. ಡೆಕ್ಲನ್ ಗಾಡಿಗಳನ್ನೆಲ್ಲ ಕೊಟ್ಟಿಗೆಗೆ ಹಾಕಿ ಬೀಗ ಜಡಿದನಂತೆ. ಬರುವ ವಸಂತದಲ್ಲಿ ಮತ್ತೆ ಮೀಟಿಂಗು ಎಂದು ಸುರೇಶ ಹೇಳಿದ. ವೇದಾವತಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳು ಬಾಯಮ್ಮನನ್ನು ಕೊನೆಯದಾಗಿ ನೋಡಿದ್ದು ಸತ್ತವರ ಹಬ್ಬದ ದಿನ, ಮಧ್ಯಾಹ್ನ. ಅನಿಶಾ ಡಾಕ್ಟರರೊಡನೆ ಮಾತಾಡಲು ಹೊರಗೆ ಹೋಗಿದ್ದಳು. ಮೂಗಿನಲ್ಲಿ ಆಕ್ಸಿಜನ್ ನಳಿಗೆ, ಬಿಳಿ ಹೊದಿಕೆಯ ಮೇಲೆ ಮಣ್ಣು ಹೊತ್ತ ಆ ದೊಡ್ಡ ಕೈ.

"ಇವತ್ತು ಯಾರು ಹೋಗ್ತಾರೆ?" ಎಂದು ಬಾಯಮ್ಮ ಕೇಳಿದಳು.

"ನಾನು ಹೋಗ್ತೇನೆ."

"ಗೇಟಿನವರೆಗಾ?"

"ಒಳಗೆ ಹೋಗ್ತೇನೆ. ಹಚ್ತೇನೆ. ಬಂದು ತಲೆಗೆ ನೀರು ಹಾಕಿಕೊಂಡ್ರೆ ಆಯ್ತು."

ಬಾಯಮ್ಮ ಅವಳ ಕಡೆ ಮುಖ ತಿರುಗಿಸಿದಳು. "ಇಷ್ಟು ವರ್ಷ ಹೊರಗೆ ಚಳಿಯಲ್ಲಿ ಕೂತಿರಿ. ನಾನೊಮ್ಮೆಯೂ ಕರೀಲಿಲ್ಲ."

"ಕರೆದಿದ್ರೂ ಬರ್ತಿರಲಿಲ್ಲ, ಬಿಡಿ."

"ಬತ್ತಿ ಹಚ್ಚುವಾಗ ಗಾಳಿಗೆ ಬೆನ್ನು ಕೊಟ್ಟು ಕೂತ್ಕೊಳ್ಳಿ. ಇಲ್ಲದಿದ್ರೆ ಹಿಡಿಯುದಿಲ್ಲ." ಉಸಿರು ಸಾಲದೆ ನಿಲ್ಲಿಸಿದಳು. ವೇದಾವತಿ ಅವಳ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ಅವನ ಹತ್ತಿರ ಸ್ವಲ್ಪ ಮಾತಾಡಿ. ಕನ್ನಡ ಅವನಿಗೆ ಅರ್ಥ ಆಗ್ತದೆ. ಮಗಳು ಚೆನ್ನಾಗಿ ಓದ್ತಿದ್ದಾಳೆ ಅಂತ ಹೇಳಿ."

"ಹೇಳ್ತೇನೆ. ನೀವು ಬರಲಿಲ್ಲ ಯಾಕೆ ಅಂದ್ರೆ ಎಂತ ಹೇಳ್ಲಿ?"

ಬಾಯಮ್ಮ ಕಣ್ಣು ಮುಚ್ಚಿದಳು. ನಿದ್ದೆ ಬಂತೇನೋ ಎಂದುಕೊಂಡು ವೇದಾವತಿ ಕೈ ಬಿಡಿಸಿಕೊಳ್ಳಲು ಹೋದಳು. ಆ ಕೈ ಬಿಡಲಿಲ್ಲ.

"ಕಾಲುನೋವು ಅಂತ ಹೇಳಿ ವೇದಕ್ಕ. ನಾನು ಎಡಬದಿಯಲ್ಲಿ ನಡೀತಿದ್ದೆ ಅಂತ ಮಾತ್ರ ಅವನಿಗೆ ಹೇಳ್ಬೇಡಿ."