ಉಡಚಪ್ಪನ ಎರಡನೆಯ ಬಯೋಡಾಟಾ

ದುರ್ಗದಬೈಲಿನ ಪಿಂಗಾಣಿ ಅಂಗಡಿಯಲ್ಲಿ ಉಡಚಪ್ಪ ಇಪ್ಪತ್ತೆರಡು ವರ್ಷ ಕಪ್ಪು-ಬಸಿ, ಕಂದೀಲಿನ ಗಾಜುಗಳನ್ನು ಭತ್ತದ ಹುಲ್ಲಿನಲ್ಲಿಟ್ಟು ಪೆಟ್ಟಿಗೆ ಕಟ್ಟಿದ. ಕಟ್ಟಿದ ಪೆಟ್ಟಿಗೆಯನ್ನು ಕೂಸನ್ನು ತೂಗುವಂತೆ ಮೆಲ್ಲಗೆ ತೂಗಿ ಕಿವಿಗೊಡುವನು. ಒಳಗೆ ಚೂರು ಸದ್ದಾದರೂ ಬಿಚ್ಚಿ ಮತ್ತೆ ಕಟ್ಟುವನು. ೧೯೯೭ರಲ್ಲಿ ಅಂಗಡಿಯ ಮಾಲೀಕರು ವಯಸ್ಸಾಯಿತೆಂದು ಬಾಗಿಲು ಮುಚ್ಚಿದರು. ನಲವತ್ತೈದರ ಉಡಚಪ್ಪ ಜೀವಮಾನದಲ್ಲೇ ಮೊದಲ ಸಲ ಕೆಲಸ ಹುಡುಕಬೇಕಾಯಿತು.

ಅಮರಗೋಳದ ಹತ್ತಿರ ಹೊಸ ಔಷಧಿ ಗೋದಾಮು ತೆರೆದಿತ್ತು. ಗಾಜಿನ ಬಾಟಲಿಗಳನ್ನು ಕಟ್ಟಿಸಿ ಊರೂರಿಗೆ ಕಳಿಸಲು ಒಬ್ಬ ಅನುಭವಸ್ಥ ಬೇಕಾಗಿದ್ದ. 'ಬಯೋಡಾಟಾ ಸಹಿತ ಬಂದು ಕಾಣಿರಿ' ಎಂದು ಬಾಗಿಲಿಗೆ ಹಚ್ಚಿದ್ದರು. ಉಡಚಪ್ಪ ಆವರೆಗೆ ಕಂಡಿದ್ದ ಬಯೋಡಾಟಾ ಒಂದೇ ಒಂದು, ತಂಗಿಯ ಮದುವೆಗೆಂದು ಬರೆಸಿದ್ದು. ಅದನ್ನೇ ಎದುರಿಗಿಟ್ಟುಕೊಂಡು ತನ್ನದನ್ನು ದುಂಡಗೆ ಬರೆದೊಯ್ದ.

ಗೋದಾಮಿನ ಮಾಲೀಕ ಗುರುಶಿದ್ದಪ್ಪನವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ಎತ್ತರ ಐದು ಫೂಟು ಐದು ಇಂಚು. ಬಣ್ಣ ಎಣ್ಣೆಗೆಂಪು. ಸೋದರಮಾವನ ಮನೆ ಅಣ್ಣಿಗೇರಿ... ಏನ್ರಿ ಉಡಚಪ್ಪ, ಕೆಲಸ ಕೇಳಾಕ ಬಂದೀರೋ, ಹೆಣ್ಣು ಕೇಳಾಕ ಬಂದೀರೋ?"

ಉಡಚಪ್ಪನ ಕಿವಿ ಬಿಸಿಯಾದವು.

"ಹೋಗ್ಲಿ, ನಿಮಗ ಏನು ಬರತೈತಿ?"

"ಏನಿಲ್ಲರಿ... ಹಿಂಗ ಏನೋ ಸಾಮಾನು ಕಟ್ತೇನ್ರಿ."

ತನ್ನನ್ನು ತಾನೇ ಹೊಗಳಿಕೊಳ್ಳುವುದು ಅವನಿಗೆ ಸಭೆಯಲ್ಲಿ ಅಂಗಿ ಕಳಚಿದಷ್ಟೇ ಸಂಕೋಚ. ಗುರುಶಿದ್ದಪ್ಪನವರು ಹಾಳೆ ಮಡಚಿ ಕೈಗಿತ್ತರು. "ಇನ್ನೂ ಇಬ್ಬರು ಬಂದು ಹೋಗ್ಯಾರ. ಗುರುವಾರ ಒಬ್ಬರನ್ನ ಗಟ್ಟಿ ಮಾಡತೇನಿ. ಅಷ್ಟರಾಗ ಕೆಲಸದ ವಿಷಯ ಬರಕೊಂಡು ಬರ್ರಿ."

ಮನೆಯಲ್ಲಿ ಹೆಂಡತಿ ರೇಣವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಣ್ಣೆಗೆಂಪ ಅಂತ ಬರದೀರೇನು? ನಮ್ಮಪ್ಪಗೂ ಹಿಂಗ ಸುಳ್ಳು ಹೇಳಿದ್ರಿ!"

"ನಗಬ್ಯಾಡ. ನನ್ನ ಬಗ್ಗೆ ನಾನ ಹೆಂಗ ಹೇಳಲಿ?"

"ನೀವ್ಯಾಕ ಹೇಳತೀರಿ? ನಮ್ಮಪ್ಪ ಹಾಳಿ ನೋಡಿ ನನ್ನ ಕೊಟ್ಟನೇನು? ಮೂರು ಊರಾಗ ವಿಚಾರಿಸಿ ಕೊಟ್ಟ. ಯಾರನ್ನ ಕೇಳಬೇಕಂತ ಬರೀರಿ."

ಅಂದು ಸಂಜೆ ಹೊಸ ಹಾಳೆ ಹೀಗೆ ತುಂಬಿತು: 'ಕಂದೀಲಿನ ಗಾಜು, ಇನ್ನೂರು, ಲಾರಿಯಲ್ಲಿ ನವಲಗುಂದಕ್ಕೆ ಹೋದವು, ಒಂದೂ ಒಡೆಯಲಿಲ್ಲ, ಕಾಶೀಬಾಯಿಯವರ ಅಂಗಡಿಯಲ್ಲಿ ವಿಚಾರಿಸಿರಿ. ಹದಿನೈದು ವರ್ಷ ಕಳಿಸಿದ ಕಪ್ಪು-ಬಸಿ. ಗದಗಿನ ಅಬ್ದುಲಮಜೀದ ಸಾಹೇಬರನ್ನು ವಿಚಾರಿಸಿರಿ.' ಕೆಳಗೆ ಅವರವರ ಅಂಗಡಿಯ ಫೋನ್ ನಂಬರುಗಳು.

"ಗದಗಿಗೆ ಆರು ಕಪ್ಪು ಒಡೆದಿದ್ದವಲ್ಲ, ಅದನ್ನೂ ಬರೀರಿ," ಎಂದಳು ರೇಣವ್ವ.

"ಹುಚ್ಚಿ ಏನ?"

"ಸಂಬಂಧ ಮಾಡೋರು ಕೊರತಿ ಮೊದಲ ಹೇಳತಾರ. ಆಮ್ಯಾಲ ಗೊತ್ತಾದರ ಮಾರಿ ತೋರಸಾಕ ಆಗೂದಿಲ್ಲ."

ಅವನು ಬರೆದ: 'ಒಮ್ಮೆ ಹಸಿ ಹುಲ್ಲು ಬಳಸಿದ್ದೆ. ದಾರಿಯಲ್ಲಿ ಒಣಗಿ ಕುಸಿದು ಆರು ಕಪ್ಪು ಒಡೆದವು. ಅಂದಿನಿಂದ ಹುಲ್ಲನ್ನು ಹಿಂಡಿ ನೋಡದೆ ಕಟ್ಟಿಲ್ಲ.'

ಗುರುವಾರ ಗುರುಶಿದ್ದಪ್ಪನವರು ಹಾಳೆಯನ್ನು ಎರಡು ಸಲ ಓದಿದರು. ಗದಗಿಗೆ ಫೋನು ತಿರುಗಿಸಿದರು. ಅಬ್ದುಲಮಜೀದ ಸಾಹೇಬರ ಧ್ವನಿಗೆ ಫೋನೇ ಬೇಕಿರಲಿಲ್ಲ. ಬಾಗಿಲ ಬಳಿ ನಿಂತ ಉಡಚಪ್ಪನಿಗೂ ಕೇಳಿಸಿತು.

"ಉಡಚಪ್ಪನ ಏನ್ರಿ? ಅವನ ಪೆಟ್ಟಿಗಿ ಬಂದರ ನಾ ಬಿಚ್ಚಿ ಎಣಸೂದ ಬಿಟ್ಟಿದ್ದೆ! ಆದರ ಒಂದ ಸಲ ಆರು ಕಪ್ಪು ಒಡೆದಿದ್ದವು, ಹೇಳ್ಯಾನೋ ಇಲ್ಲೋ?"

"ಬರದ ಕೊಟ್ಟಾರ್ರಿ."

"ಹಂಗಾರ ಇನ್ನೇನ್ ಕೇಳತೀರಿ ನನ್ನ?"

ಫೋನಿಟ್ಟ ಗುರುಶಿದ್ದಪ್ಪನವರು ಹಾಳೆಯನ್ನು ಮೇಜಿನ ಖಾನೆಯೊಳಗೆ ಇಟ್ಟುಕೊಂಡರು.

"ಸೋಮವಾರದಿಂದ ಬರ್ರಿ. ಆದರ ಈ ಹಾಳ್ಯಾಗ ಬಣ್ಣ ಎಣ್ಣೆಗೆಂಪು ಅಂತ ಇಲ್ಲಲ್ಲ?"

"ಎದರಿಗೇ ನಿಂತೇನಲ್ರಿ," ಎಂದ ಉಡಚಪ್ಪ, "ನೀವ ನೋಡಿ ಹೇಳ್ರಿ."